ತಿದ್ದದೆ ಬಿಟ್ಟ ತಪ್ಪು

“‘ಶೀ’ ಅಲ್ಲ, ‘ಹೀ’,” ಅಂದಳು ಸೂಲ್ಯೆನ್, ಸುಲಿಯುತ್ತಿದ್ದ ಸೋಯಾ ಕಾಯಿಯಿಂದ ಕಣ್ಣೆತ್ತದೆ.

“ಹೀ,” ಅಂದ ಅವಳ ಗಂಡ ದೆಹಾಯ್. “ಹೀ ಚೆಕ್ ದ ಡ್ರಾಯಿಂಗ್...”

“ಚೆಕ್ಸ್. ಕ್ರಿಯಾಪದ ಒಬ್ಬನ ಬಗ್ಗೆ ಇದ್ರೆ ಕೊನೆಗೊಂದು ಬಾಲ ಬರುತ್ತೆ ಅಂತ ಎಷ್ಟು ಸಲ ಹೇಳಲಿ ನಿಂಗೆ?”

“ಒಬ್ಬನೇ ಇದ್ದಾಗ ಬಾಲ, ಇಬ್ಬರಾದ್ರೆ ಇಲ್ಲ. ಮದುವೆಯಾದ ಮೇಲೆ ಬಾಲ ಉದುರುತ್ತೆ ಅಂತಾಯ್ತು. ಅನುಭವಸ್ಥರು ಬರೆದ ವ್ಯಾಕರಣ ಬಿಡು.”

ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಅತ್ತೆ ನಕ್ಕದ್ದು ಕೇಳಿಸಿತು. ಸೂಲ್ಯೆನ್‌ಗೂ ನಗು ಬಂತು. ತಡೆದುಕೊಂಡು, ಮೇಡಂ ದನಿಯಲ್ಲೇ, “ಮೊದಲಿಂದ ಹೇಳು. ನಿನ್ನ ಜೊತೆ ಕೆಲಸ ಮಾಡೋ ಒಬ್ಬರ ಬಗ್ಗೆ,” ಅಂದಳು.

ಭಾನುವಾರದ ಬೆಳಗು. ಕಿಟಕಿಯಾಚೆ ಕಟ್ಟಡಗಳ ನಡುವೆ ಲೂಷಾನ್ ಬೆಟ್ಟ ಮಂಜಿನಲ್ಲಿ ಅರ್ಧ ಮುಳುಗಿತ್ತು. ದೆಹಾಯ್ ನೀರೆತ್ತುವ ಪಂಪುಗಳ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದ. ಕಾರ್ಖಾನೆಯ ಪಂಪುಗಳು ಈ ಸಲ ಜಾಂಬಿಯಾದ ಒಂದು ಅಣೆಕಟ್ಟೆಗೆ ಹೊರಟಿದ್ದವು. ಅವುಗಳ ಜೊತೆ ಎರಡು ವರ್ಷಕ್ಕೆ ಹೋಗುವವರಿಗೆ ಇಂಗ್ಲಿಷ್ ಪರೀಕ್ಷೆ ಇಟ್ಟಿದ್ದರು: ಕೊಟ್ಟ ಭಾಗ ಓದಿ ಉತ್ತರಿಸುವುದು, ವ್ಯಾಕರಣ, ಆಮೇಲೆ ಮಾತು. ಡಿಪ್ಲೊಮಾ ಮುಗಿಸಿದ ಮೇಲೆ ಇಂಗ್ಲಿಷಿನ ಮುಖ ನೋಡದವನು ಮಾಘದ ಚಳಿಯಲ್ಲಿ ಒಂದು ದಿನ, ಅವಳು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು, “ಗಾನ್ ಮೇಡಂ, ನಿಮ್ಮ ಕ್ಲಾಸಲ್ಲಿ ದಡ್ಡರಿಗೆ ಜಾಗ ಇದೆಯಾ?” ಎಂದು ಶಾಲೆಯ ಮಕ್ಕಳು ಅವಳನ್ನು ಕರೆಯುವ ಹಾಗೆ ಕೇಳಿದ್ದ.

ಅಲ್ಲಿಂದ ಶುರು. ಮಾಧ್ಯಮಿಕ ಶಾಲೆಯಲ್ಲಿ ಹದಿಮೂರು ಹದಿನಾಲ್ಕರ ಮಕ್ಕಳಿಗೆ ಕಲಿಸಿ ಕಲಿಸಿ ಗಂಟಲು ಕಟ್ಟಿಸಿಕೊಂಡವಳಿಗೆ ನಲವತ್ತೈದರ ಈ ವಿದ್ಯಾರ್ಥಿ ಹೊಸಬನಂತೆ ಕಂಡ. ದಾರಿ ತಪ್ಪಿದ ನಾಯಿ, ಪೆಂಗ್ವಿನ್ನುಗಳ ಮರಿ, ಮಗಳ ಪಿಯಾನೊ ಕೇಳಲು ಬಂದ ಕುರುಡ ತಂದೆ, ಇಂಥವುಗಳ ಬಗ್ಗೆ ಒಂದೊಂದು ಪುಟ ಓದಿ ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಬೇಕು. ‘ತಂದೆ ಯಾಕೆ ಅತ್ತ?’ ಎಂಬ ಪ್ರಶ್ನೆಗೆ ದೆಹಾಯ್ ನಾಲ್ಕೂ ಉತ್ತರಗಳನ್ನು ಎರಡೆರಡು ಸಲ ಓದಿ, “ನಾಲ್ಕೂ ಸರಿ ಕಣೆ. ಒಬ್ಬ ಮನುಷ್ಯ ಅಳೋದಕ್ಕೆ ಒಂದೇ ಕಾರಣ ಇರುತ್ತಾ?” ಅಂದಿದ್ದ. ಅಂದು ರಾತ್ರಿ ಅಡುಗೆಮನೆಯಲ್ಲಿ ಆ ಮಾತು ನೆನೆದು ಅವಳು ಸುಮ್ಮಸುಮ್ಮನೆ ಸಂತೋಷಪಟ್ಟಿದ್ದಳು. ಮಗಳು ವೂಹಾನಿಗೆ ಓದಲು ಹೋದ ಮೇಲೆ ಗಂಡಹೆಂಡಿರ ನಡುವೆ ಅಕ್ಕಿ, ನೀರಿನ ಬಿಲ್ಲು, ಅಮ್ಮನ ಮಂಡಿನೋವು ಬಿಟ್ಟು ಬೇರೆ ಮಾತು ಉಳಿದಿರಲಿಲ್ಲ. ಈಗ ಭಾನುವಾರ ಬಂದರೆ ಅವಳು ಬೇಗ ಎದ್ದು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು.

“ವೆನ್ ಇಂಜಿನಿಯರ್ ನಮ್ಮ ಬೆಟ್ಟದ ಘಟಕದಲ್ಲಿದ್ದಾರೆ,” ಎಂದು ದೆಹಾಯ್ ಇಂಗ್ಲಿಷಿನಲ್ಲಿ ಮತ್ತೆ ಆರಂಭಿಸಿದ. ಈಗ ‘ಹೀ’ ಸರಿಯಾಗಿ ಬಂತು. ಮೇಣ ಹಚ್ಚಿದ ನೆಲದ ಮೇಲೆ ನಡೆಯುವವನ ಹಾಗೆ ಒಂದೊಂದು ‘ಹೀ’ಯನ್ನೂ ಊರಿ ಊರಿ ಇಡುತ್ತಿದ್ದ.

‘ಅವನು’ ಅನ್ನಲೂ ‘ಅವಳು’ ಅನ್ನಲೂ ಬಾಯಲ್ಲಿ ಒಂದೇ ಸದ್ದಿರುವ ಚೀನೀ ಭಾಷೆ ತಮ್ಮದು. ಹೀಗಾಗಿ ಪ್ರತಿ ವರ್ಷ ಪ್ರತಿ ತರಗತಿಯಲ್ಲೂ ಅಪ್ಪ ‘ಶೀ’ ಆಗುತ್ತಾನೆ, ಅಜ್ಜಿ ‘ಹೀ’ ಆಗುತ್ತಾಳೆ. ಈ ತಪ್ಪು ಸೂಲ್ಯೆನ್‌ಗೆ ಗೋಡೆಗಡಿಯಾರದ ಸದ್ದಿನಷ್ಟು ಬಳಕೆಯದು. ಕೇಳಿದ ಕೂಡಲೇ ಬಾಯಿ ತಾನಾಗಿ ತಿದ್ದುತ್ತದೆ, ಮನಸ್ಸು ಅತ್ತ ಹೋಗುವುದೂ ಇಲ್ಲ.

ವೆನ್ ಇಂಜಿನಿಯರನ್ನು ಅವಳು ನೋಡಿರಲಿಲ್ಲ. ದೆಹಾಯ್ ವಾರದಲ್ಲಿ ಮೂರು ದಿನ ಆ ಘಟಕದಲ್ಲಿ ಇರುತ್ತಿದ್ದ. ಬಂದಾಗೆಲ್ಲ “ವೆನ್ ಇಂಜಿನಿಯರ್ ಹೀಗಂದ್ರು, ವೆನ್ ಇಂಜಿನಿಯರಿಗೆ ಹೊಟ್ಟೆ ಸರಿಯಿಲ್ಲ, ಕ್ಯಾಂಟೀನಿನ ಖಾರ ಅವರಿಗೆ ಆಗಲ್ಲ” ಎಂಬ ಮಾತು. ಮನೆ ಬಿಟ್ಟಿರುವ, ಬೋಳುತಲೆಯ, ದಪ್ಪ ಕನ್ನಡಕದ ಒಬ್ಬ ಮುದಿ ಇಂಜಿನಿಯರನ್ನು ಅವಳು ತಾನೇ ಮನಸ್ಸಿನಲ್ಲಿ ಮಾಡಿಕೊಂಡಿದ್ದಳು. “ಪಾಪ, ಆ ಮುದುಕನಿಗೆ ನೋಡಿಕೊಳ್ಳೋರು ಯಾರೂ ಇಲ್ವಾ?” ಅಂದು ನವಣೆ ಗಂಜಿಯನ್ನು ಫ್ಲಾಸ್ಕಿನಲ್ಲಿ ಹಾಕಿ, ಖಾರವಿಲ್ಲದ ಮೂಲಂಗಿ ಉಪ್ಪಿನಕಾಯಿಯನ್ನು ಡಬ್ಬಿಯಲ್ಲಿ ತುಂಬಿ ಕಳಿಸುತ್ತಿದ್ದಳು. ಡಬ್ಬಿಗಳು ಫಳಫಳ ತೊಳೆದು, ಒರೆಸಿ, ಮುಚ್ಚಳದ ಮೇಲೆ ಬಟ್ಟೆ ಕಟ್ಟಿ ವಾಪಸು ಬರುತ್ತಿದ್ದವು. “ನೋಡಿ ಕಲಿ. ಗಂಡಸಾದ್ರೂ ಎಷ್ಟು ಅಚ್ಚುಕಟ್ಟು!” ಎಂದು ಅವಳು ಗಂಡನನ್ನು ಚುಚ್ಚಿದ್ದಳು. ಆಗ ದೆಹಾಯ್ ನಕ್ಕಿದ್ದ. ಅತ್ತೆ ಎದ್ದು ಒಳಗೆ ಹೋಗಿದ್ದರು.

“ಇದು ಉರು ಹೊಡೆದ ಹಾಗಿದೆ,” ಅಂದಳು ಸೂಲ್ಯೆನ್. “ಪರೀಕ್ಷೆ ಮಾಡೋರು ನಡುವೆ ಏನಾದ್ರೂ ಕೇಳ್ತಾರೆ. ಆ ವೆನ್ ಜೊತೆ ಆದ ಒಂದು ಘಟನೆ ಹೇಳು. ಭೂತಕಾಲದಲ್ಲಿ.”

ದೆಹಾಯ್ ಚಾವಣಿ ನೋಡಿದ. ಹೋದ ವರ್ಷದ ಮಳೆಗಾಲದಲ್ಲಿ ಘಟಕದ ಪಂಪ್‌ಮನೆಗೆ ನೀರು ನುಗ್ಗಿದ್ದನ್ನು ನಿಧಾನಕ್ಕೆ ಹೇಳತೊಡಗಿದ. ನೀರು ಮೊಣಕಾಲಿಗೆ ಬಂತು. ಎಲ್ಲರೂ ಹೊರಗೆ ಓಡಿದರು. ವೆನ್ ಓಡಲಿಲ್ಲ. ‘ಹೀ’ ಸ್ವಿಚ್ ಆಫ್ ಮಾಡಿದರು, ‘ಹೀ’ ನನ್ನನ್ನು ಕೂಗಿದರು. ಪದಗಳು ಒಂದಕ್ಕೊಂದು ಸಿಕ್ಕುತ್ತಿದ್ದಂತೆ ಅವನ ದನಿಗೆ ಕಳೆ ಬಂತು. ಕೈಗಳು ಮೇಜಿನಿಂದ ಮೇಲೆದ್ದವು. ಇಬ್ಬರೂ ಮರಳಿನ ಮೂಟೆ ಎಳೆದೆವು. ‘ಶೀ’ ಜಾರಿ ಬಿದ್ದಳು. ನಾನು ಎತ್ತಿದೆ. ‘ಶೀ’ ನಗುತ್ತಿದ್ದಳು, ಅಷ್ಟು ಅಪಾಯದಲ್ಲೂ ನಗುತ್ತಿದ್ದಳು. ಅವಳ ಕೂದಲೆಲ್ಲ ಕೆಸರು. ಅವಳ ಕೈ ತಣ್ಣಗಿತ್ತು.

ಸೋಯಾ ಕಾಯಿ ಸುಲಿಯುತ್ತಿದ್ದ ಸೂಲ್ಯೆನ್‌ಳ ಬೆರಳು ನಿಂತಿತ್ತು. ತಿದ್ದಬೇಕಾದ ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. ನಾಯಿಯ ಪಾಠದಲ್ಲಿ, ಕುರುಡ ತಂದೆಯ ಪಾಠದಲ್ಲಿ, ತನ್ನ ಅಮ್ಮನ ಬಗ್ಗೆ, ಮ್ಯಾನೇಜರನ ಬಗ್ಗೆ ಹೇಳುವಾಗ ದೆಹಾಯ್ ಯಾವತ್ತಾದರೂ ಈ ತಪ್ಪು ಮಾಡಿದ್ದನೇ? ಬಾಲ ಮರೆಯುತ್ತಿದ್ದ, ಕಾಲ ಕೆಡಿಸುತ್ತಿದ್ದ. ಇದೊಂದನ್ನು ಮಾತ್ರ ಎಲ್ಲೂ ತಪ್ಪಿರಲಿಲ್ಲ. ಅವಳು ತಿದ್ದುತ್ತಾ ಬಂದದ್ದು ಒಬ್ಬರ ವಿಷಯದಲ್ಲಿ ಮಾತ್ರ.

ಅವನು ಕಥೆ ಮುಗಿಸಿ, ಮೆಚ್ಚುಗೆಗೆ ಕಾಯುವ ಹುಡುಗನ ಹಾಗೆ ಅವಳ ಮುಖ ನೋಡಿದ. “ಏನೂ ಅನ್ನಲೇ ಇಲ್ಲ? ತುಂಬ ತಪ್ಪಾಯ್ತಾ?”

“ಇಲ್ಲ,” ಅಂದಳು. “ಈ ಸಲ ಒಂದೂ ತಪ್ಪಿಲ್ಲ.”

ಅವನಿಗೆ ಖುಷಿಯಾಯಿತು. ಒಂದು ಸಿಗರೇಟು ಎಳೆದು ಬರುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದ.

ಸೂಲ್ಯೆನ್ ಬಾಲ್ಕನಿಗೆ ಹೋದಳು. ಅತ್ತೆ ದೆಹಾಯ್‌ನ ಅಂಗಿಯೊಂದನ್ನು ಕೊಡವಿ ಬಿದಿರುಕೋಲಿಗೆ ಹಾಕುತ್ತಿದ್ದರು.

“ಅಮ್ಮಾ, ವೆನ್ ಇಂಜಿನಿಯರ್ ಗಂಡಸಾ, ಹೆಂಗಸಾ?”

ಅತ್ತೆ ಅಂಗಿಯ ತೋಳನ್ನು ಎರಡನೇ ಸಲ ಕೊಡವಿದರು. “ಇದೇನು ಪ್ರಶ್ನೆ? ನಾನೇನು ಅವರ ಕಾರ್ಖಾನೆಗೆ ಹೋಗಿದೀನಾ?”

“ವಸಂತದಲ್ಲಿ ನಿಮ್ಮ ಕಣ್ಣಿನ ಆಪರೇಷನ್ ಆಯ್ತಲ್ಲ, ನಾನ್‌ಛಾಂಗ್‌ನಲ್ಲಿ. ನಾನು ಬರ್ತೀನಿ ಅಂದೆ. ವೆನ್ ಇಂಜಿನಿಯರ್ ಆ ವಾರ ಕೆಲಸದ ಮೇಲೆ ಅಲ್ಲೇ ಇರ್ತಾರೆ, ಜೊತೇಲಿ ಕೂರ್ತಾರೆ, ನೀನು ಸುಮ್ನೆ ಶಾಲೆಗೆ ರಜೆ ಹಾಕಬೇಡ ಅಂದ ಇವನು. ಬಂದ ಮೇಲೆ ನೀವೇ ಹೊಗಳಿದ್ರಿ. ಕೈ ಹಿಡಿದು ನಡೆಸಿದ್ರು, ಸೂಪು ಕುಡಿಸಿದ್ರು ಅಂತ.”

“ಕಣ್ಣಿಗೆ ಬಟ್ಟೆ ಕಟ್ಟಿದ್ರು ಕಣಮ್ಮ. ನಂಗೇನು ಕಾಣ್ತಿತ್ತು?”

“ಕಿವಿಗೆ ಕಟ್ಟಿರಲಿಲ್ವಲ್ಲ ಅಮ್ಮಾ.”

ಮುದುಕಿ ಬಿದಿರುಕೋಲನ್ನು ಹಿಡಿದುಕೊಂಡೇ ನಿಂತರು. ಕೆಳಗೆ ಯಾರೋ ಸ್ಕೂಟರ್ ಹಾರ್ನ್ ಒತ್ತುತ್ತಿದ್ದರು. ಮದುವೆಯಾಗಿ ಬಂದ ವರ್ಷ ಸೂಲ್ಯೆನ್ ಟೈಫಾಯ್ಡಿನಲ್ಲಿ ಮಲಗಿದ್ದಾಗ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಬೆಳಗು ಮಾಡಿದ್ದ ಹೆಂಗಸು ಇವರು. ತಾಯಿಯಿಲ್ಲದ ಸೂಲ್ಯೆನ್ ‘ಅಮ್ಮಾ’ ಎಂದು ಕರೆಯುತ್ತಿದ್ದುದು ಬಾಯಿಮಾತಿಗಲ್ಲ.

“ನನ್ನ ಹೊಟ್ಟೇಲಿ ಹುಟ್ಟಿದೋನು,” ಎಂದರು ಅತ್ತೆ ಕೊನೆಗೆ, ಅಂಗಿಗೆ ಹೇಳಿದಂತೆ. “ಬಯ್ದೆ. ಕಾಲಿಗೂ ಬಿದ್ದೆ. ಬಿಡ್ತೀನಿ ಅಂದ. ದೂರದ ದೇಶಕ್ಕೆ ಹೋದ್ರೆ ತಾನೇ ಬಿಟ್ಟುಹೋಗುತ್ತೆ ಅಂದ್ಕೊಂಡೆ. ನೀನು ಕೂರಿಸಿಕೊಂಡು ಕಲಿಸ್ತಿದ್ರೆ, ಹೋಗಲಿ, ಬೇಗ ಕಲೀಲಿ, ಬೇಗ ಹೋಗಲಿ ಅಂತಿದ್ದೆ.”

“ನಂಗೆ ಹೇಳಬೇಕು ಅಂತ ಅನ್ನಿಸಲಿಲ್ವಾ?”

“ನೀನು ನಗ್ತಾ ಇದ್ದೆ ಕಣೆ, ಭಾನುವಾರ ಬಂದ್ರೆ,” ಎಂದರು ಅತ್ತೆ. “ಹೇಗೆ ಹೇಳಲಿ?”

ಸೂಲ್ಯೆನ್ ಒಳಗೆ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಪಂಪ್‌ಮನೆಯ ಕೆಸರು, ಸಿಪ್ಪೆ ಸುಲಿಯದ ಕಾಯಿ, ನಾಳೆ ಕೊಡಬೇಕಾದ ಎಂಟನೇ ತರಗತಿಯ ಅಂಕಪಟ್ಟಿ ಎಲ್ಲ ಒಟ್ಟಿಗೆ ತಲೆಯಲ್ಲಿ ಸುತ್ತಿದವು. ಅಳು ಬರುತ್ತದೆಂದು ಕಾದಳು. ಬರಲಿಲ್ಲ. ಅದರ ಬದಲು ನವಣೆ ಗಂಜಿಯ ವಾಸನೆ ಬಂದಂತಾಯಿತು. ಹುರಿದು, ತೊಳೆದು, ಸಣ್ಣ ಉರಿಯಲ್ಲಿ ಕಲಕುತ್ತಾ ನಿಂತು, ತಳ ಹಿಡಿಯದಂತೆ ಮಾಡಿದ ಗಂಜಿ. ಮೂರು ಚಳಿಗಾಲ.

ದೆಹಾಯ್ ಸುಳ್ಳು ಹೇಳಿರಲಿಲ್ಲ. ಅವಳು ‘ಮುದುಕ’ ಅಂದಾಗ ತಿದ್ದಿರಲಿಲ್ಲ, ಅಷ್ಟೆ.

ಅವನು ಬಂದಾಗ ಬಾಯಲ್ಲಿ ಹೊಗೆಯ ವಾಸನೆ, ಕೈಯಲ್ಲಿ ಅವಳಿಗೆ ಪ್ರಿಯವಾದ ಎಳ್ಳಿನ ಬಿಲ್ಲೆಯ ಪೊಟ್ಟಣ. “ಮೇಡಂಗೆ ಗುರುದಕ್ಷಿಣೆ,” ಅಂದ.

“ಕೂತ್ಕೋ. ಇನ್ನೊಂದು ಪ್ರಶ್ನೆ ಇದೆ.” ಆಮೇಲೆ ಪರೀಕ್ಷಕರ ಹಾಗೆ, ಸ್ಪಷ್ಟವಾದ ಇಂಗ್ಲಿಷಿನಲ್ಲಿ ಕೇಳಿದಳು: “ವೆನ್ ಇಂಜಿನಿಯರೂ ಜಾಂಬಿಯಾಕ್ಕೆ ಬರುತ್ತಾರೆಯೇ?”

ದೆಹಾಯ್ ನಗುತ್ತಲೇ ಬಾಯಿ ತೆರೆದ. ಆಮೇಲೆ ಅವಳ ಮುಖ ನೋಡಿದ. ಬಾಲ್ಕನಿಯ ಕಡೆ ನೋಡಿದ. ಅಲ್ಲಿ ಅಮ್ಮನ ಬೆನ್ನು ಕಾಣುತ್ತಿತ್ತು. “ನೋಡು, ಅವರು...” ಎಂದು ತಮ್ಮ ಮಾತಿನಲ್ಲಿ ಶುರುಮಾಡಿದ.

“ಇಂಗ್ಲಿಷಿನಲ್ಲಿ ಹೇಳು.”

“ಸೂಲ್ಯೆನ್...”

“ಇಂಗ್ಲಿಷಿನಲ್ಲಿ. ಪೂರ್ತಿ ವಾಕ್ಯ.”

ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಅದರ ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. “ಯೆಸ್,” ಅಂದ. “ಶೀ ಈಸ್ ಗೋಯಿಂಗ್.”

ಕಾಲ ಸರಿಯಿತ್ತು, ಕ್ರಿಯಾಪದ ಸರಿಯಿತ್ತು. ವೆನ್ ಪರೀಕ್ಷೆ ಮೊದಲೇ ಪಾಸಾಗಿದ್ದಳಂತೆ. ಉಳಿದದ್ದು ಇವನ ಪರೀಕ್ಷೆ ಮಾತ್ರ. ಒಂದೊಂದೇ ಪದವಾಗಿ ಅದೆಲ್ಲ ಹೊರಬಂತು. ನಾನು ನಿನ್ನನ್ನು ಬಿಡಬೇಕು ಅಂತ ಎಣಿಸಿರಲಿಲ್ಲ, ಎರಡು ವರ್ಷ ಹೋಗಿಬಂದ ಮೇಲೆ ಎಲ್ಲ ಹೇಳೋಣ ಅಂತಿದ್ದೆ ಅಂದ. ನೀನು ಒಳ್ಳೆಯವಳು ಅಂದ. ಗಂಡ ಹೀಗೆ ತಬ್ಬಿಬ್ಬಾಗುವುದನ್ನು ಸೂಲ್ಯೆನ್ ನೋಡುತ್ತಾ ಕೂತಳು. ಅವನು ಹೋಗುವ ದಾರಿಗೆ ಒಂದೊಂದೇ ಕಲ್ಲು ಹೊತ್ತು ಹಾಸಿದವಳು ತಾನು. ತಲೆಗೆ ಸ್ನಾನ ಮಾಡಿಕೊಂಡು.

“ಅವಳಿಗೆ ಗೊತ್ತಿತ್ತಾ, ಗಂಜಿ ಮಾಡ್ತಿದ್ದದ್ದು ನಾನು ಅಂತ?”

ದೆಹಾಯ್ ತಲೆ ತಗ್ಗಿಸಿದ. “ಗೊತ್ತಿತ್ತು.”

“ಕುಡೀತಿದ್ಲಾ?”

ಅವನು ಪೊಟ್ಟಣವನ್ನು ಅವಳ ಕಡೆ ಸರಿಸಿದ. ಏನಾದರೂ ಆಡಲೇಬೇಕೆಂದೋ, ನಿಜಕ್ಕೂ ಅದೇ ಚಿಂತೆಯಿತ್ತೋ, ಮೆಲ್ಲಗೆ ಅಂದ: “ಪರೀಕ್ಷೆ ಹತ್ರ ಬಂತು. ಕರ್ಮಣಿ ಪ್ರಯೋಗ ಇನ್ನೂ ಆಗಿಲ್ಲ.”

ಸೂಲ್ಯೆನ್ ಎದ್ದು ನಿಂತಳು. “ಕರ್ಮಣಿ ಅಂದ್ರೆ ಇಷ್ಟೇ. ಕೆಲಸ ಆಗಿರುತ್ತೆ, ಮಾಡಿದೋರು ಕಾಣ್ಸಲ್ಲ. ಅದನ್ನ ನಿಂಗೆ ಹೇಳಿಕೊಡಬೇಕಾ?”

ಬಾಗಿಲು ಹಾಕಿಕೊಂಡು ಕೋಣೆಯಲ್ಲಿ ಕೂತಳು. ಆಮೇಲೆ ಅಳು ಬಂತು.

ಮರುದಿನವೇ ದೆಹಾಯ್ ಬೆಟ್ಟದ ಘಟಕದ ವಸತಿಗೆ ಹೋದ. ಪರೀಕ್ಷೆಯಲ್ಲಿ ಪಾಸಾದ. ಓದಿ ಅರ್ಥ ಮಾಡಿಕೊಳ್ಳುವ ಭಾಗದಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದನೆಂದು ಅತ್ತೆ ಕೇಳಿ ಬಂದರು, ಹೇಳಿ ನಾಲಗೆ ಕಚ್ಚಿಕೊಂಡರು. ಅತ್ತೆ ಮನೆ ಬಿಟ್ಟು ಹೋಗಲಿಲ್ಲ. ಸೂಲ್ಯೆನ್ ‘ಹೋಗಿ’ ಅನ್ನಲೂ ಇಲ್ಲ. ಇಬ್ಬರೂ ಒಂದೇ ಮೇಜಿನಲ್ಲಿ ಉಂಡರು, ಉಪ್ಪು ಬೇಕೇ ಸೊಪ್ಪು ಬೇಕೇ ಎಂದು ಕೇಳಿಕೊಂಡರು. ‘ಅಮ್ಮಾ’ ಎಂದು ಕರೆಯುವ ಕಡೆಯಲ್ಲಿ ಸೂಲ್ಯೆನ್ ಈಗ ಏನೂ ಕರೆಯದೆ ನೇರ ಮಾತಿಗೆ ಬರುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಅವನು ವಿಮಾನ ಹತ್ತಿದ ದಿನ ಅವಳು ಶಾಲೆ ಮುಗಿಸಿ ಎಂದಿನ ಹೊತ್ತಿಗೆ ಬಂದಳು. ಅಂಗಳದ ಕರ್ಪೂರದ ಮರಗಳ ಕೆಳಗೆ ಕಟ್ಟಡದ ಹೆಂಗಸರು ಸ್ಪೀಕರ್ ಇಟ್ಟುಕೊಂಡು ಸಂಜೆಯ ಕುಣಿತಕ್ಕೆ ಸೇರುತ್ತಿದ್ದರು. ಗೇಟಿನ ಬಳಿ ಜೋಳ ಬೇಯಿಸಿ ಮಾರುವ ಲ್ಯಾವ್ ಅಕ್ಕ ಅವಳನ್ನು ಕಂಡು ದೊಡ್ಡ ದನಿಯಲ್ಲಿ ಕೂಗಿದಳು.

“ಗಾನ್ ಮೇಡಂ! ನಿಮ್ಮವರು ಇವತ್ತು ಆಫ್ರಿಕಾಕ್ಕೆ ಹೊರಟ್ರಂತೆ? ಇಂಗ್ಲಿಷ್ ಎಲ್ಲ ನೀವೇ ಕಲಿಸಿದ್ರಂತೆ! ಹೆಂಡ್ತಿ ಅಂದ್ರೆ ಹೀಗಿರಬೇಕು ಅಂತ ನಮ್ಮನೆಯೋರು ದಿನಾ ನನ್ನ ತಲೆ ತಿಂತಾರೆ.”

“ಹೂಂ,” ಅಂದಳು ಸೂಲ್ಯೆನ್. “ನಾನೇ ಕಲಿಸಿದ್ದು.”

“ತಗೊಳ್ಳಿ, ಈಗಷ್ಟೇ ಇಳಿಸಿದ್ದು,” ಎಂದು ಲ್ಯಾವ್ ಅಕ್ಕ ಹಬೆಯಾಡುವ ಒಂದು ತೆನೆಯನ್ನು ಸಿಪ್ಪೆ ಸಮೇತ ಅವಳ ಕೈಗೆ ತುರುಕಿ, ಬೇರೆ ಗಿರಾಕಿಯ ಕಡೆ ತಿರುಗಿದಳು.

ತೆನೆ ಸುಡುತ್ತಿತ್ತು. ಅಂಗಳದಲ್ಲಿ ಹಾಡು ಶುರುವಾಗಿ ಹೆಂಗಸರ ಸಾಲುಗಳು ಒಟ್ಟಿಗೆ ಎಡಕ್ಕೆ ವಾಲಿದವು, ಒಟ್ಟಿಗೆ ಬಲಕ್ಕೆ ವಾಲಿದವು. ಮೂರನೇ ಮಹಡಿಯ ತಮ್ಮ ಮನೆಯ ಬಾಲ್ಕನಿಯಲ್ಲಿ ದೀಪ ಹತ್ತಿತು. ಸೂಲ್ಯೆನ್ ಮೇಲೆ ನೋಡಲಿಲ್ಲ. ತೆನೆಯನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಿಸುತ್ತಾ, ಎಲ್ಲೂ ಕೆಳಗಿಡದೆ, ಅವಳು ಮರದ ಕೆಳಗೆ ನಿಂತೇ ಇದ್ದಳು.