ಪೌಡರ್ ಒರೆಸಿಕೊಂಡು ಬಾ

ಎದುರಿಗೆ ನನ್ನನ್ನು ಟ್ರೆಸ್ಸಾ ಅನ್ನುತ್ತಾರೆ, ಬೆನ್ನ ಹಿಂದೆ ‘ಹಿಂಡೋಳು’ ಅನ್ನುತ್ತಾರೆ. ತಪ್ಪೇನಿಲ್ಲ. ಹೆಂಗಸರ ಎದೆಯನ್ನು ಎರಡು ಹಲಗೆಗಳ ನಡುವೆ ಒತ್ತಿ ಹಿಡಿದು ಎಕ್ಸ್‌ರೇ ತೆಗೆಯುವುದೇ ನನ್ನ ಕಸುಬು. ಕೆಂಟಕಿಯ ಈ ಗುಡ್ಡಗಳಿಗೆ ಆಸ್ಪತ್ರೆ ದೂರ, ಹಾಗಾಗಿ ಆಸ್ಪತ್ರೆಯವರೇ ವ್ಯಾನಿನಲ್ಲಿ ಯಂತ್ರ ಇಟ್ಟು ಕಳಿಸುತ್ತಾರೆ. ವರ್ಷಕ್ಕೊಮ್ಮೆ ನಮ್ಮ ಲಾರೆಲ್ ಫೋರ್ಕ್ ಚರ್ಚಿನ ಅಂಗಳದಲ್ಲಿ ನಿಂತು, ಚರ್ಚಿನ ಗೋಡೆಯಿಂದ ಕರೆಂಟು ಎಳೆದುಕೊಂಡರೆ ಸಾಕು, ಕಣಿವೆಯ ಹೆಂಗಸರೆಲ್ಲ ಮಡಚುವ ಕುರ್ಚಿ, ತಿಂಡಿಯ ಪಾತ್ರೆ ಸಮೇತ ಹಾಜರು. ಎಷ್ಟೋ ಮದುವೆಗಳಿಗೂ ಅಷ್ಟು ಜನ ಸೇರುವುದಿಲ್ಲ.

ವ್ಯಾನಿನೊಳಗೆ ಗಂಡಸರು ಕಾಲಿಡುವಂತಿಲ್ಲ. ಮೈಗೆ ಪೌಡರ್, ಸೆಂಟು ಏನೂ ಇರಕೂಡದು, ಇದ್ದರೆ ಚಿತ್ರದಲ್ಲಿ ಬಿಳಿ ಚುಕ್ಕೆ ಬಿದ್ದು, ಕ್ಯಾನ್ಸರ್ ಗಂಟೋ ಏನೋ ಎಂದು ಎಲ್ಲರ ಜೀವ ತಿನ್ನುತ್ತದೆ. ಮತ್ತೆ ಬಾಗಿಲು ಹಾಕಿದ ಮೇಲೆ ಪ್ರತಿಯೊಬ್ಬಳಿಗೂ ಒಂದು ಪ್ರಶ್ನೆ ಕೇಳಲೇಬೇಕು: “ಮನೇಲಿ ಯಾರ ಭಯನಾದ್ರೂ ಇದೆಯಾ?”

ಎಲ್ಲರೂ ಇಲ್ಲ ಅನ್ನುತ್ತಾರೆ. ಕೇಳುವವಳು ನಾನು ತಾನೆ? ಒಬ್ಬಳಿಗೆ ನಾದಿನಿ, ಇನ್ನೊಬ್ಬಳಿಗೆ ಸೊಸೆಯ ತಂಗಿ. ಹೇಳಿದರೆ ಭಾನುವಾರ ಚರ್ಚಿನಲ್ಲಿ ನನ್ನ ಮುಖ ನೋಡಬೇಕಲ್ಲ. ಶಾಲೆ ಬಸ್ಸು ಓಡಿಸುವ ವೆಸ್ಟಾ ಮಾತ್ರ, “ನನ್ನ ಗಂಡನಿಗೆ ಕೇಳು ಹೋಗು, ಭಯ ಇರೋದು ಅವನಿಗೆ,” ಎಂದು ವ್ಯಾನು ಅಲ್ಲಾಡುವಂತೆ ನಗುತ್ತಾಳೆ. ಅವಳ ಮೈಕಟ್ಟು ನೋಡಿದವರು ಅದನ್ನು ತಮಾಷೆ ಅಂದುಕೊಳ್ಳುವುದಿಲ್ಲ.

ಆ ದಿನ ಮಧ್ಯಾಹ್ನದ ಹೊತ್ತಿಗೆ ಸಾಲಿನ ಮೊದಲ ಕುರ್ಚಿ ಐಸಿ ದೊಡ್ಡಮ್ಮನದು. ನನ್ನ ಅಮ್ಮನ ಅಕ್ಕ. ಎಡ ಎದೆಯನ್ನು ಡಾಕ್ಟರು ತೆಗೆದು ಬಹಳ ವರ್ಷವಾಯಿತು, ಉಳಿದ ಬಲಗಡೆಗೆಂದು ಪ್ರತಿ ವರ್ಷ ಬರುತ್ತಾಳೆ. ಮಡಿಲಲ್ಲಿ ಕಬ್ಬಿಣದ ಬಾಣಲೆ, ಅದರ ತುಂಬ ಬಿಸಿ ಮೆಕ್ಕೆಜೋಳದ ಬ್ರೆಡ್ಡು.

“ಪೆಟ್ಟು ಬಿದ್ದ ಕಡೆಗೇ ಕಣೇ ಅದು ಬರೋದು,” ಎಂದು ಪಕ್ಕದವಳಿಗೆ ಉಪದೇಶ ಮಾಡುತ್ತಿದ್ದಳು.

“ಪೆಟ್ಟಿಂದ ಕ್ಯಾನ್ಸರ್ ಬರಲ್ಲ ದೊಡ್ಡಮ್ಮ! ಎಷ್ಟು ಸಲ ಬಡ್ಕೊಳ್ಳಲಿ?” ನಾನು ಮೆಟ್ಟಿಲಿಂದಲೇ ಕೂಗಿದೆ.

“ನಿನ್ನ ವಯಸ್ಸೆಷ್ಟು, ನನ್ನ ವಯಸ್ಸೆಷ್ಟು. ಸುಮ್ನೆ ಒಳಗೆ ಹೋಗು.”

ಆಗ ರೋಡಾ ಬಂದಳು. ದೊಡ್ಡಮ್ಮನ ಒಬ್ಬನೇ ಮಗ, ಗಣಿ ಕೆಲಸದ ಗಾರ್ಲೆಂಡನ ಹೆಂಡತಿ, ನನಗೆ ಅತ್ತಿಗೆ. ಅವಳ ತಾಯಿ ಇದೇ ಕಾಯಿಲೆಯಲ್ಲಿ ನಲವತ್ತು ತುಂಬುವ ಮೊದಲೇ ಹೋದವಳು. ಅದಕ್ಕೇ ನಾನು ವರ್ಷಾ ವರ್ಷಾ ಗೋಗರೆಯುತ್ತಿದ್ದೆ, ಅವಳು ಏನಾದರೊಂದು ನೆಪ ಹೇಳುತ್ತಿದ್ದಳು. ಈ ಸಲ ಗುಡ್ಡ ಇಳಿದು ನಡೆದೇ ಬಂದಿದ್ದಳು. ಸೊಸೆಯನ್ನು ನೋಡಿ ದೊಡ್ಡಮ್ಮನ ಮುಖ ಅರಳಿತು. ತನ್ನ ಸರದಿಯನ್ನೇ ಬಿಟ್ಟುಕೊಟ್ಟಳು.

ಬಾಗಿಲು ಹಾಕಿ ಪ್ರಶ್ನೆ ಕೇಳಿದೆ. ರೋಡಾ “ಇಲ್ಲ” ಅಂದಳು. ಗೌನು ತೆರೆದಾಗ ಎಡ ಎದೆಯ ಮೇಲೆ ದಪ್ಪಗೆ ಮುಖಕ್ಕೆ ಹಚ್ಚುವ ಬಣ್ಣ, ಅದರ ಮೇಲೆ ಪೌಡರ್.

“ಇದನ್ನ ಒರೆಸ್ಬೇಕು ಅತ್ತಿಗೆ.”

“ಹಾಗೇ ಚಿತ್ರ ತೆಗಿಯೋಕಾಗಲ್ವಾ?”

“ಆಗಲ್ಲ.”

ಒದ್ದೆ ಬಟ್ಟೆ ಕೊಟ್ಟೆ. ಅವಳು ಒರೆಸುತ್ತಾ ಹೋದ ಹಾಗೆ ಕೆಳಗಿನಿಂದ ನೇರಳೆ, ಕಪ್ಪು, ಹಳದಿ ಮೇಲೆದ್ದು ಬಂದವು. ಬೂಟಿನ ಮೂತಿ ಎಲ್ಲಿ ಬಿದ್ದಿತ್ತು ಎಂದು ಕುರುಡರೂ ಹೇಳಬಹುದಿತ್ತು. ಅಂಥ ಬೂಟು ಗಣಿಗೆ ಹೋಗುವ ಗಂಡಸರ ಕಾಲಲ್ಲಿ ಮಾತ್ರ ಇರುತ್ತದೆ.

“ಗಾರ್ಲೆಂಡನಾ?”

“ಅದು ಬಿಡು. ಪೆಟ್ಟು ಬಿದ್ದ ಕಡೆಗೇ ಬರುತ್ತಂತಲ್ಲ? ನಮ್ಮಮ್ಮ ಹೋದ ಹಾಗೆ ನಾನು ಹೋಗ್ಬಾರ್ದು ಟ್ರೆಸ್ಸಾ. ಇವತ್ತು ನೋಡೇಬಿಡು.”

ಪೆಟ್ಟಿನಿಂದ ಬರುವುದಿಲ್ಲ ಎಂದು ಅವಳಿಗೆ ಹೇಳಬೇಕಾಗಿತ್ತು. ಹೇಳಿದರೆ ಎದ್ದು ಹೋದಾಳೆಂದು ಬಾಯಿ ಮುಚ್ಚಿಕೊಂಡೆ. ನೋವಾಗದ ಬಲಗಡೆ ಮೊದಲು ಮುಗಿಸಿದೆ. ಆಮೇಲೆ ಎಡಗಡೆ. ಹಲಗೆ ಇಳಿಯುತ್ತಿದ್ದಂತೆ ಅವಳ ಕಣ್ಣಿಂದ ನೀರು ಸುರಿಯಿತು, ಬಾಯಿಂದ ಒಂದು ಸದ್ದಿಲ್ಲ. ಸದ್ದು ಮಾಡದೆ ಅಳುವುದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ.

ಅಷ್ಟರಲ್ಲಿ ಹೊರಗೆ ದೊಡ್ಡಮ್ಮ ಫೋನಿನಲ್ಲಿ ಕೂಗುವುದು ಕೇಳಿಸಿತು. “ಗಾರ್ಲೆಂಡ್, ಮಗಾ, ನಿನ್ನ ಹೆಂಡತಿ ಕೊನೆಗೂ ಬಂದಿದ್ದಾಳೆ ಕಣೋ! ಎಷ್ಟು ಖುಷಿ ಆಯ್ತು ಗೊತ್ತಾ!”

ರೋಡಾ ಬಾಗಿಲ ಕಡೆ ಕತ್ತು ಹೊರಳಿಸಿದಳು. “ಬೇಗ,” ಅಂದಳು. “ಅವನು ಇಲ್ಲೇ ಎದುರಿನ ಪೆಟ್ರೋಲ್ ಬಂಕಲ್ಲೇ ಇದ್ದಾನೆ.”

ಅವನ ಪಿಕಪ್ ಗಾಡಿ ಜಲ್ಲಿ ಕಲ್ಲನ್ನು ಚಿಮ್ಮಿಸುತ್ತಾ ಅಂಗಳಕ್ಕೆ ನುಗ್ಗಿತು. ನನ್ನ ಬೆರಳು ಗುಂಡಿಯ ಮೇಲಿತ್ತು. ಒತ್ತುವ ಮೊದಲೇ ದೀಪ ಆರಿತು. ಗಾರ್ಲೆಂಡ್ ಚರ್ಚಿನ ಗೋಡೆಯಿಂದ ನಮ್ಮ ಕೇಬಲ್ಲನ್ನೇ ಕಿತ್ತಿದ್ದ. ಯಂತ್ರ ಸತ್ತಿತು, ರೋಡಾಳ ಎದೆ ಹಲಗೆಗಳ ನಡುವೆ ಸಿಕ್ಕಿಕೊಂಡೇ ಇತ್ತು. ಹಲಗೆ ಸಡಿಲಿಸಲು ಕೈಯಿಂದ ತಿರುಗಿಸುವ ತಿರುಗಣಿಗೆ ಕತ್ತಲಲ್ಲಿ ತಡಕಾಡಿದೆ.

“ರೋಡಾ! ಹೊರಗೆ ಬಾರೇ! ನನ್ನ ಮನೆಯೊಳಗಿನದು ಊರಿಗೆಲ್ಲ ತೋರಿಸ್ತೀಯಾ?”

ಬಾಗಿಲಿನ ಗಾಜು ಒಡೆಯಿತು. ಚಕ್ರ ಬಿಚ್ಚುವ ಕಬ್ಬಿಣದ ರಾಡು ಒಳಗೆ ಬಂತು, ಹಿಂದೆಯೇ ಚಿಲಕ ಹುಡುಕುವ ಕೈ. ಹಲಗೆ ಸಡಿಲವಾಗಿ ರೋಡಾ ನೆಲಕ್ಕೆ ಕುಸಿದಳು. ನಾನು ಹೋಗಿ ಆ ಕೈಯನ್ನು ಹಲ್ಲಲ್ಲಿ ಕಚ್ಚಿದೆ. ಎಲುಬು ಸಿಗುವವರೆಗೂ ಕಚ್ಚಿದೆ. ಅವನು ಬೊಬ್ಬೆ ಹೊಡೆದ, ಆದರೆ ಚಿಲಕ ತೆಗೆದೇ ಬಿಟ್ಟ. ಒಳಗೆ ಬಂದವನು ನನ್ನ ಬಾಯಿಗೇ ಒಂದು ಗುದ್ದು ಕೊಟ್ಟ. ಮುಂದಿನ ಹಲ್ಲು ನಾಲಿಗೆಯ ಮೇಲೆ ಬಂದು ಕೂತಿತು. ಬಾಲ್ಯದಲ್ಲಿ ನನಗೆ ಸೈಕಲ್ ಕಲಿಸಿದ ಅಣ್ಣ ಇವನೇ.

“ವ್ಯಾನೊಳಗೆ ಗಂಡಸರು ಬರಂಗಿಲ್ಲ!” ಅಂದೆ. ಬಾಯಿ ತುಂಬ ರಕ್ತ, ಆದರೂ ಅದನ್ನೇ ಅಂದೆ.

ಅವನು ರೋಡಾಳ ಜುಟ್ಟು ಹಿಡಿದು ಮೆಟ್ಟಿಲ ಮೇಲೆ ಎಳೆದುಕೊಂಡು ಹೋದ. ಪ್ರತಿ ಮೆಟ್ಟಿಲಿಗೂ ಅವಳ ಬೆನ್ನು ಬಡಿಯಿತು. ಕೆಳಗೆ ಜಲ್ಲಿಯ ಮೇಲೆ ಹಾಕಿ ಪಕ್ಕೆಗೆ ಒದ್ದ. ಹೆಂಗಸರು ಕಿರುಚಿದರು.

“ಬಿಡೋ ಮಗಾ! ಏನಾಯ್ತೋ ನಿಂಗೆ?” ದೊಡ್ಡಮ್ಮ ಬಾಣಲೆ ಹಿಡಿದೇ ಎದ್ದಳು. ಮಗ ಮುಂಗೋಪಿ, ಆದರೆ ಬಂಗಾರದಂಥವನು ಎಂದೇ ಇಷ್ಟು ದಿನ ಹೇಳಿಕೊಂಡು ಬಂದವಳು.

“ನೀನು ಸುಮ್ನೆ ಕೂತ್ಕೋ ಅಮ್ಮಾ! ಇದು ಗಂಡ ಹೆಂಡತಿ ವಿಷಯ.”

ರೋಡಾ ಅಂಗಾತ ಹೊರಳಿದಳು. ಗೌನು ಹರಿದು ಜಾರಿತ್ತು. ಪೌಡರ್ ಇಲ್ಲದ ಆ ಎದೆ ನಡುಹಗಲಿನ ಬಿಸಿಲಿಗೆ ಬಿತ್ತು. ದೊಡ್ಡಮ್ಮ ಬಗ್ಗಿ ನೋಡಿದಳು. ಅವಳ ಖಾಲಿ ಕೈ ತಾನಾಗಿಯೇ ತನ್ನ ಎಡಗಡೆಗೆ, ಏನೂ ಇಲ್ಲದ ಕಡೆಗೆ, ಹೋಯಿತು.

“ನಿಮ್ಮಪ್ಪ ಒದೀತಿದ್ದದ್ದೂ ಅಲ್ಲೇ,” ಅಂದಳು.

ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ನನ್ನ ಅಮ್ಮನಿಗೂ ಕೂಡ. ಬ್ರೆಡ್ಡಿನ ಸಮೇತ ಬಾಣಲೆ ಎತ್ತಿ ಮಗನ ಮೊಣಕಾಲಿಗೆ ಬೀಸಿದಳು. ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಅವನು ಬಿದ್ದ. ರಾಡು ಎತ್ತಲು ಹೋದ ಕೈಗೆ ಎರಡನೆಯದು. ಮೂರನೆಯದನ್ನು ತಲೆಯ ಮೇಲೆ ಎತ್ತಿದ್ದಳು, ಆ ಏಟು ಬಿದ್ದಿದ್ದರೆ ಅವನು ಏಳುತ್ತಿರಲಿಲ್ಲ.

“ಅತ್ತೇ, ಬೇಡ!” ರೋಡಾ ತೆವಳಿಕೊಂಡು ಬಂದು ಅವಳ ಕಾಲು ಹಿಡಿದಳು. “ಇವನಿಗಾಗಿ ನೀವು ಜೈಲಿಗೆ ಹೋಗ್ಬೇಡಿ. ಅಷ್ಟು ಬೆಲೆ ಇಲ್ಲ ಅವನಿಗೆ.”

ಬಾಣಲೆ ಗಾಳಿಯಲ್ಲೇ ನಿಂತಿತು. ಆಮೇಲೆ ದೊಡ್ಡಮ್ಮ ಅದನ್ನು ಕೆಳಗಿಟ್ಟು ತಾನೂ ಕೂತು, ಗೋಳೋ ಎಂದು ಅತ್ತಳು. ವೆಸ್ಟಾ ಬಂದು ಗಾರ್ಲೆಂಡನ ಬೆನ್ನ ಮೇಲೆ ಆರಾಮಾಗಿ ಕೂತುಬಿಟ್ಟಳು. ಅವನು ಅಮ್ಮಾ, ಉಸಿರು, ಎಂದು ನರಳಿದ.

“ಉಸಿರು ಬೇಕಾದ್ರೆ ಬಾಯಿ ಮುಚ್ಕೋ,” ಅಂದಳು ವೆಸ್ಟಾ. “ಶೆರಿಫ್ ಬರೋವರೆಗೂ ನಾನು ಏಳಲ್ಲ. ಯಾರಾದ್ರೂ ಆ ಬ್ರೆಡ್ಡು ಹೆಕ್ಕಿ ಕೊಡ್ರೇ.”

ಫೋನ್ ಮಾಡಿದ್ದಾಯಿತು, ಆದರೆ ಶೆರಿಫ್, ಅಂದರೆ ನಮ್ಮ ಕಡೆಯ ಪೊಲೀಸು, ಗುಡ್ಡದ ಆ ಕಡೆಯಿಂದ ಬರಬೇಕು. ಅಷ್ಟರಲ್ಲಿ ಯಾರೋ ಕೇಬಲ್ ಮತ್ತೆ ಚುಚ್ಚಿದರು, ವ್ಯಾನಿನ ದೀಪ ಹತ್ತಿತು. ನಾನು ಬಾಯಿಗೆ ಬಟ್ಟೆ ತುರುಕಿಕೊಂಡು ಗಾಜು ಗುಡಿಸುತ್ತಿದ್ದಾಗ ರೋಡಾ ಕಂಬಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಹಣೆ ಒಡೆದಿತ್ತು, ಜುಟ್ಟಿನ ಒಂದು ಹಿಡಿ ಕೂದಲು ಕಿತ್ತು ಬಂದಿತ್ತು.

“ಎಡಗಡೆದು ಬಾಕಿ ಇದೆ,” ಅಂದಳು.

“ಅತ್ತಿಗೆ, ಮೊದಲು ಆಸ್ಪತ್ರೆಗೆ ಹೋಗೋಣ. ಪಕ್ಕೆಲುಬು ಮುರಿದಿರಬಹುದು.”

“ಪಕ್ಕೆಲುಬು ಎಲ್ಲಿಗೂ ಓಡಿಹೋಗಲ್ಲ. ನೀನು ಹಿಂಡೋಳಲ್ವಾ? ಹಿಂಡು.”

ತಾನೇ ಬಂದು ಯಂತ್ರದ ಮುಂದೆ ನಿಂತಳು, ತಾನೇ ಎದೆಯನ್ನು ಹಲಗೆಯ ಮೇಲಿಟ್ಟಳು. ಈ ಸಲ ಹಲಗೆ ಇಳಿದಾಗ ಗಂಟಲು ಹರಿಯುವಂತೆ ಕೂಗಿದಳು. ಕೂಗಲಿ ಎಂದು ಬಿಟ್ಟೆ, ನನಗೂ ಅಳು ಬಂದಿತ್ತು. ಮುಂದಿನ ವಾರ ಡಾಕ್ಟರು ನೋಡಿ, ಎರಡೂ ಕಡೆ ಏನೂ ಇಲ್ಲ, ಆರೋಗ್ಯವಾಗಿದ್ದಾಳೆ ಅಂದರು. ಅವಳ ಜೀವಕ್ಕೆ ಕಂಟಕ ಇದ್ದದ್ದು ಎದೆಯೊಳಗಲ್ಲ.

ಆ ದಿನ ಅವಳ ಕೊನೆಯ ಚಿತ್ರ ಮುಗಿದ ಮೇಲೆ ಹೊಸ ಗೌನು ಹೊದಿಸಿದೆ. ಅವಳು ಹೊರಡಲಿಲ್ಲ. ಗಾಜಿಲ್ಲದ ಬಾಗಿಲಿನಾಚೆ ಕುರ್ಚಿಗಳ ಸಾಲು ನಮ್ಮ ಕಡೆಗೇ ತಿರುಗಿ ಕೂತಿತ್ತು.

“ಮೊದಲು ಒಂದು ಪ್ರಶ್ನೆ ಕೇಳಿದ್ಯಲ್ಲ,” ಅಂದಳು. “ಅದನ್ನ ಇನ್ನೊಂದು ಸಲ ಕೇಳು.”

“ಮನೇಲಿ ಯಾರ ಭಯನಾದ್ರೂ ಇದೆಯಾ, ಅತ್ತಿಗೆ?”

“ಇದೆ,” ಅಂದಳು ರೋಡಾ, ಹೊರಗೆ ಕೂತವರಿಗೆಲ್ಲ ಕೇಳುವ ಹಾಗೆ. “ಗಾರ್ಲೆಂಡನ ಭಯ ಇದೆ. ಆ ಮನೆಗೆ ಇನ್ನು ಹೋಗಲ್ಲ.”

ಹೊರಗೆ ಒಂದು ಕುರ್ಚಿ ಸರಿದ ಸದ್ದಾಯಿತು. ಬೆಳಿಗ್ಗೆಯೇ ನನ್ನ ಪ್ರಶ್ನೆಗೆ ಇಲ್ಲ ಅಂದು, ಚಿತ್ರ ತೆಗೆಸಿಕೊಂಡು, ಮನೆಗೆ ಹೋಗದೆ ಸಾಲಿನ ನಡುವೆಯೇ ಕೂತಿದ್ದ ಪಾದ್ರಿಯ ಹೆಂಡತಿ ಎದ್ದು ನಿಂತಿದ್ದಳು.

“ಟ್ರೆಸ್ಸಾ,” ಅಂದಳು ಆಕೆ, “ನನಗೂ ಇನ್ನೊಂದು ಸಲ ಕೇಳಮ್ಮ.”