ಉಸ್ತಾದರ ಕಿವಿ

ಅಬ್ದುಲ್ ರಹೀಮರ ಕಿವಿ ಮಂದವಾಗಿ ವರ್ಷಗಳೇ ಆಗಿದ್ದವು. ಆದರೂ ಚಿಂತಾಮಣಿಯ ಲಾರಿಯವರು ಸದ್ದು ಹುಡುಕಿಸಲು ಅವರ ಶೆಡ್ಡಿಗೇ ಬರುತ್ತಿದ್ದರು. ಕೇಳಿಸಿಕೊಳ್ಳಲು ಅವರಿಗೆ ಶಿಷ್ಯ ಜಗನ್ ಇದ್ದ. ಗಾಡಿಯಲ್ಲಿ ಒಂದು ಸುತ್ತು ಹೋಗಿಬಂದು, ಕೇಳಿದ ಸದ್ದನ್ನು ಉಸ್ತಾದರ ಅಂಗೈ ಮೇಲೆ ಬೆರಳಿನಿಂದ ತಟ್ಟಿ ತೋರಿಸುತ್ತಿದ್ದ. ಅವರು ಕಣ್ಣು ಮುಚ್ಚಿ ಯೋಚಿಸಿ, ಯಾವ ಬುಷ್ ಸವೆದಿದೆ, ಯಾವ ಬೋಲ್ಟ್ ಸಡಿಲ ಎಂದು ಹೇಳುತ್ತಿದ್ದರು.

ಈಗ ಆ ಅಂಗೈ ಮೇಲೆ ನಾಹಿದ್ ತಟ್ಟುತ್ತಿದ್ದಳು. ರಹೀಮರ ಮಗಳು, ಡಿಪ್ಲೊಮಾ ಮುಗಿಸಿ ಶೆಡ್ಡಿನಲ್ಲೇ ಕೆಲಸಕ್ಕೆ ನಿಂತಿದ್ದಳು. ಅವಳು ತಪ್ಪಾಗಿ ತಟ್ಟಿದ್ದರೆ ಜಗನ್ ಹೇಗೋ ಸಹಿಸಿಕೊಳ್ಳುತ್ತಿದ್ದ. ಅವಳು ಸರಿಯಾಗಿ ತಟ್ಟುತ್ತಿದ್ದಳು.

ಅಂದು ಟೊಮೇಟೊ ಲಾರಿಯ ಮುನಿಶಾಮಪ್ಪ ಬಂದ.

"ಮಂಡೀಲಿ ಲೋಡ್ ಮಾಡ್ಕೊಂಡು ಹೊರಟು ಮೊದಲ್ನೇ ಬ್ರೇಕ್ ಹಾಕ್ದಾಗ ಟಣ್ ಅಂತದೆ ಕಣಪ್ಪಾ. ಒಂದೇ ಸಲ. ಆಮೇಲೆ ಎಷ್ಟು ತುಳಿದ್ರೂ ಸದ್ದಿಲ್ಲ. ಥೇಟ್ ನಮ್ಮನೆಯವಳೇ. ಬೆಳಗ್ಗೆ ಒಂದ್ಸಲ ಬೈದ್ರೆ ಸಂಜೇವರ್ಗೂ ಗಪ್‌ಚುಪ್."

"ಅತ್ತಿಗೇನ ಇಲ್ಲಿಗೆ ತರ್ಬೇಡಿ ಅಣ್ಣಾ, ಅವ್ರಿಗಾಗೋ ಸ್ಪ್ಯಾನರ್ ನಮ್ಮತ್ರ ಇಲ್ಲ" ಎನ್ನುತ್ತ ಜಗನ್ ಕೈ ಒರೆಸಿಕೊಂಡು ಲಾರಿ ಹತ್ತಲು ಹೋದ.

"ನಾಹಿದ್ ಹೋಗ್ಲಿ" ಎಂದರು ರಹೀಮರು. "ನೀನು ಆ ಟಿಪ್ಪರ್ ಮುಗ್ಸಪ್ಪ."

ಜಗನ್ ಟಿಪ್ಪರ್ ಕೆಳಗೆ ಮಲಗಿದ. ಬೋಲ್ಟ್ ಬಿಗಿಯಾದ ಮೇಲೂ ತಿರುವುತ್ತಲೇ ಇದ್ದ.

ರಸ್ತೆಯಂಚಿನಲ್ಲೇ ನಿಂತಿದ್ದ ಲಾರಿಯಲ್ಲಿ ನಾಹಿದ್ ಹೋಗಿಬಂದಳು. ಸದ್ದು ಬಂದಿರಲಿಲ್ಲ. ಆದರೂ ಅವಳಿಗೊಂದು ಅನುಮಾನ: ಭಾರ ಹೊರುವ ಮುಂದಿನ ಕಮಾನ್ ಪಟ್ಟೆಗಳ ಒಳಗೆ ಹಾಯ್ದು ಚಕ್ರಗಳ ಆಕ್ಸಲ್ ಅನ್ನು ಜಾಗದಲ್ಲಿ ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಿರಬಹುದು. ಒಳಗೇ ತುಂಡಾದರೆ ಹೊರಗೆ ಕಾಣುವುದಿಲ್ಲ, ಬ್ರೇಕ್ ಹಾಕಿದಾಗ ಆಕ್ಸಲ್ ಪಟ್ಟೆಯ ಕೆಳಗೆ ಜಾರುತ್ತದೆ. ಸೀಮೆಸುಣ್ಣದಿಂದ ಪಟ್ಟೆಯಿಂದ ಆಕ್ಸಲ್‌ವರೆಗೆ ಒಂದು ನೇರ ಗೆರೆ ಎಳೆದಳು. ಜಾರಿದರೆ ಗೆರೆ ಮುರಿಯಬೇಕು. ಮತ್ತೆ ಹೋಗಿ ಜೋರಾಗಿ ಬ್ರೇಕ್ ಹಾಕಿಸಿ ಬಂದಳು. ಗೆರೆ ನೆಟ್ಟಗೇ ಇತ್ತು.

"ಗೆರೆ ಎಳ್ಯಕ್ಕೆ ಡಿಪ್ಲೊಮಾ ಯಾಕಮ್ಮಾ?" ಎಂದ ಜಗನ್. "ನಮ್ಮಮ್ಮ ದಿನಾ ಬಾಗ್ಲಲ್ಲಿ ಎಳೀತಾರೆ."

"ಕರ್ಕೊಂಡ್ಬಾ ಅಣ್ಣಾ, ಅವ್ರ ಗೆರೆ ನನ್ನದಕ್ಕಿಂತ ಚೆನ್ನಾಗಿರ್ತದೆ" ಎಂದು ನಾಹಿದ್ ನಕ್ಕಳು. ಆದರೆ ಅಪ್ಪನ ಮುಂದೆ ಹೋಗಿ "ಸಿಗ್ಲಿಲ್ಲ ಅಬ್ಬಾ" ಎನ್ನುವಾಗ ಅವಳ ಮುಖ ಇಳಿದಿತ್ತು. ಜಗನ್‌ಗೆ ಬೆಳಗಿನಿಂದ ಮೊದಲ ಸಲ ಹಸಿವಾಯಿತು.

ಲೋಡಿಗೆ ಹೊತ್ತಾಗುತ್ತದೆಂದು ಮುನಿಶಾಮಪ್ಪ, ಈ ಸಲ ಶೆಡ್ಡಿನ ಕಡೆ ಮೂತಿ ಮಾಡಿ ಒಳಗೆ ನಿಲ್ಲಿಸಿದ್ದ ಲಾರಿಯನ್ನು ರಿವರ್ಸ್ ತೆಗೆದ. ಜಗನ್ ಮುಂದಿನ ಚಕ್ರದ ಪಕ್ಕದಲ್ಲೇ ನಡೆಯುತ್ತ "ಬರ್ಲಿ, ಬರ್ಲಿ" ಎಂದು ಕೈ ಆಡಿಸಿದ. ರಸ್ತೆಯಂಚಿನಲ್ಲಿ ಮುನಿಶಾಮಪ್ಪ ಬ್ರೇಕ್ ಒತ್ತಿದ.

ಟಣ್.

ಜಗನ್‌ನ ಕಣ್ಣೆದುರೇ ಬಿಳಿ ಗೆರೆ ಎರಡು ತುಂಡಾಗಿ, ಕೆಳಗಿನದು ಒಂದು ಬೆರಳಿನಷ್ಟು ಮುಂದಕ್ಕೆ ಸರಿಯಿತು.

ಅವನಿಗೆ ಎಲ್ಲ ಹೊಳೆಯಿತು. ಮುಂದೆ ಹೋಗುವಾಗ ಬ್ರೇಕ್ ಹಾಕಿದರೆ ಆಕ್ಸಲ್ ಹಿಂದಕ್ಕೆ ಜಾರಿ ಅಲ್ಲೇ ಕೂತುಬಿಡುತ್ತದೆ. ಆಮೇಲೆ ಎಷ್ಟು ತುಳಿದರೂ ಜಾರಲು ಜಾಗವಿಲ್ಲ. ರಿವರ್ಸಿನಲ್ಲಿ ಬ್ರೇಕ್ ಹಾಕಿದಾಗ ಮಾತ್ರ ಮುಂದಕ್ಕೆ ಬರುತ್ತದೆ. ಮಂಡಿಯಲ್ಲಿ ಲಾರಿಗಳು ಲೋಡಿಗೆ ರಿವರ್ಸಿನಲ್ಲೇ ನಿಲ್ಲುತ್ತವೆ, ಅಲ್ಲಿನ ಗದ್ದಲದಲ್ಲಿ ಆ ಸದ್ದು ಯಾರಿಗೂ ಕೇಳುವುದಿಲ್ಲ. ನಾಹಿದ್ ಗೆರೆ ಎಳೆದದ್ದು ಆಕ್ಸಲ್ ಆಗಲೇ ಹಿಂದಕ್ಕೆ ಜಾರಿ ಕೂತ ಮೇಲೆ. ಅವಳ ಅನುಮಾನ ಸರಿ, ಪರೀಕ್ಷೆ ಮಾತ್ರ ಅರ್ಧ.

ಒಳಗೆ ಗ್ರೈಂಡರ್ ಚೀರುತ್ತಿತ್ತು. ಮುನಿಶಾಮಪ್ಪನೂ ಸೇರಿ ಯಾರಿಗೂ ಏನೂ ಕೇಳಿಸಿರಲಿಲ್ಲ. ಸುಮ್ಮನಿದ್ದರೆ ಅವಳು ಸೋತಂತೆಯೇ. ನಾಳೆ ಉಸ್ತಾದರು ಮತ್ತೆ "ಜಗನ್, ಬಾರಪ್ಪ" ಎನ್ನಬಹುದು.

"ಬರ್ಲಿ, ಬರ್ಲಿ" ಎನ್ನುತ್ತಲೇ ಇತ್ತು ಅವನ ಬಾಯಿ. ಲಾರಿ ರಸ್ತೆಗಿಳಿಯಿತು. ಇನ್ನು ಅದು ಲೋಡು ಹೊತ್ತು ಘಾಟಿ ಇಳಿಯಬೇಕು. ಆ ಭಾರಕ್ಕೆ ಆಕ್ಸಲ್ ಓರೆಯಾದರೆ ಸ್ಟೇರಿಂಗು ಮಾತು ಕೇಳುವುದಿಲ್ಲ. ಮೇಲೆ ಕೂತ ಮುನಿಶಾಮಪ್ಪ "ವಸ್ತಾನಪ್ಪಾ" ಎಂದು ತೆಲುಗಿನಲ್ಲಿ ಬರ್ತೀನೆಂದು ಹೇಳಿ, ಕೈ ಬೀಸಿ ಗೇರ್ ಹಾಕಿದ.

ಜಗನ್ ಬಾಗಿಲಿಗೆ ಗುದ್ದಿದ. "ಅಣ್ಣಾ, ನಿಲ್ಸು! ಆಫ್ ಮಾಡು!"

ಒಳಕ್ಕೆ ಓಡಿ ಉಸ್ತಾದರ ಭುಜ ಹಿಡಿದ. ನಾಹಿದ್‌ಳನ್ನು ಕರೆಯಲಿಲ್ಲ. "ಸೆಂಟರ್ ಬೋಲ್ಟೇ ಉಸ್ತಾದ್! ರಿವರ್ಸಲ್ಲಿ ಜಾರ್ತು. ನಾನೇ ನೋಡ್ದೆ!"

ಹಿಂದಿನಿಂದ ಬಂದ ನಾಹಿದ್ "ರಿವರ್ಸಾ!" ಎಂದು ಹಣೆ ಬಡಿದುಕೊಂಡಳು. "ಥೂ, ನಂಗೆ ಹೊಳೀಲೇ ಇಲ್ವಲ್ಲ. ಅಣ್ಣಾ, ನೀನಿಲ್ದಿದ್ರೆ ನಾನು ಗಾಡಿ ಕಳ್ಸೇಬಿಡ್ತಿದ್ದೆ." ಅವಳ ಮುಖದಲ್ಲಿ ನೋವಿನ ಎಳೆಯೂ ಇರಲಿಲ್ಲ. ಇದ್ದಿದ್ದರೆ ಜಗನ್‌ಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಪಟ್ಟೆ ಬಿಚ್ಚಿದಾಗ ಬೋಲ್ಟ್ ನಡುವೆಯೇ ತುಂಡಾಗಿತ್ತು. ಹೊಸದು ಹಾಕಿ ಬಿಗಿದ ಮೇಲೆ ರಹೀಮರು ಇಬ್ಬರನ್ನೂ ನೋಡಿದರು. "ಇಬ್ರೂ ಹೋಗ್ಬನ್ನಿ."

ಜಗನ್ ನಾಹಿದ್‌ಳನ್ನು ಮೊದಲು ಹತ್ತಲು ಬಿಟ್ಟ. ಮರ್ಯಾದೆಗಲ್ಲ. ಮೊದಲು ಹತ್ತಿದವರಿಗೆ ಎಂಜಿನ್ ಪಕ್ಕದ ನಡುಸೀಟು. ಅಲ್ಲಿ ಕೂತವರಿಗೆ ಎಂಜಿನ್ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಅವನು ಕಿಟಕಿಯ ಪಕ್ಕ ಕೂತು ತಲೆ ಹೊರಗೆ ಹಾಕಿದ.

ಮುನಿಶಾಮಪ್ಪ ರಿವರ್ಸ್ ಹೋಗಿ ಬ್ರೇಕ್ ಹಾಕಿದ. ಮುಂದಕ್ಕೆ ಬಂದು ಹಾಕಿದ. ಎರಡು ಸಲವೂ ಟಣ್ ಬರಲಿಲ್ಲ.

"ಏನಾದ್ರೂ ಕೇಳಿಸ್ತಾ ಅಣ್ಣಾ?" ನಾಹಿದ್ ಎಂಜಿನ್ ಸದ್ದಿನ ಮೇಲೆ ಕೂಗಿ ಕೇಳಿದಳು.

"ತಡಿ" ಎಂದ ಜಗನ್, ಅವಳ ಕಡೆ ತಿರುಗದೆ. "ಇನ್ನೂ ಕೇಳ್ತಿದೀನಿ."