ಹಾಡಿರುವ ಮಗ್ಗುಲು

"ಹಾಡಿಲ್ಲದ ಮಗ್ಗುಲು ಕೊಟ್ಟು ಕೈತೊಳಕೋ. ಹಾಡಿರೋದರ ತಂಟೆಗೆ ಹೋಗಬೇಡ," ಎಂದಳು ಅತ್ತೆ, ಬಾಯಲ್ಲಿ ಮೂರು ಗುಂಡುಪಿನ್ನು ಕಚ್ಚಿಕೊಂಡೇ. ಯಾರದೋ ಕೋಟಿನ ತೋಳು ಹೊಲಿಗೆಯಂತ್ರದ ಕೆಳಗೆ ಸರಿಯುತ್ತಿತ್ತು. ಅವಳು ತಲೆ ಎತ್ತಲಿಲ್ಲ.

ಗಿರಾಕಿಗಳಿಗೆಂದು ಇಟ್ಟ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಕನ್ನಡಕದ ಮೇಲಿಂದ ಇಣುಕಿದ. "ನಾಲ್ಕು ಜನ ಕೇಳಿ ನಗಲಿ ಬಿಡೇ. ನಗೋದು ಆರೋಗ್ಯಕ್ಕೆ ಒಳ್ಳೇದಂತೆ, ಇಲ್ಲೇ ಬರೆದಿದಾರೆ."

"ನೀನು ನಕ್ಕಿದ್ದೇ ಊರಿಗೆಲ್ಲ ಸಾಕಾಯ್ತು, ಅಣ್ಣ."

ಗುಬ್ಬಿ ಇಬ್ಬರ ಮುಖವನ್ನೂ ನೋಡಿದಳು. ಚಿಕ್ಕಂದಿನಲ್ಲಿ ಎಲ್ಲದಕ್ಕೂ ಬೆಚ್ಚುತ್ತಿದ್ದಳೆಂದು ಅತ್ತೆ ಇಟ್ಟ ಹೆಸರು ಅದು. ನಲವತ್ತು ದಾಟಿದರೂ ಬಿಟ್ಟುಹೋಗಿರಲಿಲ್ಲ. ಬಾಗಿಲಿಗೆ ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವವಳು ಅವಳು. ಹಳೆಯ ಗ್ರಾಮಫೋನ್ ರೆಕಾರ್ಡುಗಳನ್ನು ತೊಳೆದು, ಚಟಪಟ ಸದ್ದು ಬಿಡಿಸಿ, ಮತ್ತೆ ಕೇಳುವಂತೆ ಮಾಡುವುದು ಅವಳ ಕಸುಬು. ಅಂಜುಬುರುಕರಿಗೆ ಹೇಳಿ ಮಾಡಿಸಿದ ಕೆಲಸ ಎಂದು ಅಪ್ಪ ಛೇಡಿಸುತ್ತಿದ್ದ.

ಈಗ ಅವಳ ಮೇಜಿನ ಮೇಲಿದ್ದದ್ದು ಅತ್ತೆಯದೇ ರೆಕಾರ್ಡು. ಎಂಬತ್ತರ ದಶಕದಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಅತ್ತೆ ಹಾಡಿದ್ದ ಒಂದೇ ಒಂದು ಹಾಡು. ಹೆಸರು ‘ಏಳನೇ ಮಹಡಿ’. ಲಿಫ್ಟ್ ಹತ್ತಿದ ಹುಡುಗಿಯೊಬ್ಬಳು ಮಹಡಿ ಎಣಿಸುತ್ತಾ ಮೇಲೇರುವ ಕುಣಿತದ ಹಾಡು. ಒಂದು ಮಗ್ಗುಲಲ್ಲಿ ಅತ್ತೆಯ ದನಿ. ಇನ್ನೊಂದರಲ್ಲಿ ಅದೇ ಡ್ರಮ್ಮು, ಅದೇ ಕೀಬೋರ್ಡು, ದನಿಯಿಲ್ಲದೆ. ಆಗ ಅದನ್ನು ಯಾರೂ ಮೂಸಿಯೂ ನೋಡಿರಲಿಲ್ಲ. ಮರೆತುಹೋದ ಕುಣಿತದ ಹಾಡುಗಳನ್ನು ಹುಡುಕಿ ಹೊರತರುವ ಪುಟ್ಟ ಕಂಪನಿಯೊಂದು ಈಗ ಬೆನ್ನುಹತ್ತಿ ಕೇಳುತ್ತಿತ್ತು. ಯಾವ ಮಗ್ಗುಲು ಕೊಡುವುದೆಂದು ಶುಕ್ರವಾರದೊಳಗೆ ಅತ್ತೆ ಬರೆದು ಸಹಿ ಹಾಕಬೇಕಿತ್ತು.

ಹಾಡಿರುವ ಮಗ್ಗುಲು ಬೇಡವೆನ್ನಲು ಅತ್ತೆಗೆ ಕಾರಣವಿತ್ತು. ರೆಕಾರ್ಡು ಮನೆಗೆ ಬಂದ ದಿನ ನೆಂಟರಿಷ್ಟರೆಲ್ಲ ಕೂಡಿದ್ದರು. ಮುಳ್ಳು ಇಟ್ಟರೆ ಅತ್ತೆಯ ದನಿ ಚಳಿ ಹಿಡಿದವರಂತೆ ಅಲುಗುತ್ತಿತ್ತು. ತಿರುವಿ ಹಾಕಿದರೆ ಬರೀ ವಾದ್ಯ. ಗೂಟ ಹೊಡೆದಂತೆ ನಿಂತಿತ್ತು. ಇನ್ನೇನು ಸಾಕ್ಷಿ ಬೇಕು? "ಲಿಫ್ಟಿಗೆ ಆಡು ಹತ್ತಿಸಿದ್ದಾರೇನೇ?" ಎಂದ ಅಪ್ಪ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಆಮೇಲೆ ಅವಳು ಹಾಡಲಿಲ್ಲ, ಬಟ್ಟೆ ಕತ್ತರಿಸುವಾಗ ಗುನುಗಲೂ ಇಲ್ಲ. "ಸ್ಟುಡಿಯೋದಲ್ಲಿ ನನ್ನ ಕಿವಿಗೆ ಚೆನ್ನಾಗೇ ಕೇಳಿಸ್ತು ಕಣೇ," ಎಂದು ಒಮ್ಮೆ ಮಾತ್ರ ಗುಬ್ಬಿಯ ಹತ್ತಿರ ಅಂದಿದ್ದಳು. "ಕಿವಿನೇ ಕೈಕೊಟ್ಟ ಮೇಲೆ ಹಾಡೋದು ಏನು ಬಂತು?"

ಹೇಳಿದ ಮಾತಿನಂತೆ ಗುಬ್ಬಿ ಹಾಡಿಲ್ಲದ ಮಗ್ಗುಲನ್ನಷ್ಟೇ ಹಿಡಿದಳು. ಬಟ್ಟಿ ಇಳಿಸಿದ ನೀರಿಗೆ ಎರಡು ಹನಿ ಸೋಪು ಬಿಟ್ಟು, ಮೆದು ಬ್ರಷ್ಷಿನಿಂದ ಗೆರೆಗಳ ಗುಂಟ ಉಜ್ಜಿ, ಸ್ಟ್ಯಾಂಡಿನಲ್ಲಿ ಒಣಗಿಸಿ, ಕಂಪ್ಯೂಟರಿಗೆ ಇಳಿಸಿಕೊಂಡಳು. ಕೆಲಸ ಸಲೀಸಾಯಿತು. ಎತ್ತಿಡುವ ಮುನ್ನ ಹಾಡಿರುವ ಮಗ್ಗುಲನ್ನೂ ತಿರುವಿ ಹಾಕದೆ ಇರಲು ಅವಳ ಕೈ ಕೇಳಲಿಲ್ಲ. ದನಿ ಅಲುಗುತ್ತಿತ್ತು, ನಿಜ. ಆದರೆ ಗುಬ್ಬಿ ಕೇಳುವುದಕ್ಕಿಂತ ನೋಡುವುದು ಹೆಚ್ಚು. ಮುಳ್ಳು ಹಿಡಿದ ತೋಳು ಪ್ರತಿ ಸುತ್ತಿಗೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗುತ್ತಿತ್ತು. ಹಾಡಿಲ್ಲದ ಮಗ್ಗುಲಲ್ಲಿ ಅದು ಹಾಗೆ ತೂಗಿರಲಿಲ್ಲ.

ಅವಳು ಮುಳ್ಳನ್ನು ಮತ್ತೆ ಮೊದಲಿಗೆ ತಂದಿಟ್ಟಳು. ಹಾಡು ಶುರುವಾಗುವ ಮುನ್ನ ಕೀಬೋರ್ಡಿನ ಒಂದು ಉದ್ದನೆಯ ಸ್ವರ ಇತ್ತು. ಅದೂ ಅಲುಗುತ್ತಿತ್ತು. ಆಗಿನ ಕಾಲಕ್ಕೆ ಅದು ಸೊಗಸೆಂದು ಎಲ್ಲರೂ ಅಂದುಕೊಂಡಿದ್ದರು. ಸ್ವಿಚ್ಚು ಒತ್ತಿದರೆ ಬರುವ ಸ್ವರಕ್ಕೆ ಎಲ್ಲಿಯ ಚಳಿ, ಎಲ್ಲಿಯ ಭಯ?

ರೆಕಾರ್ಡಿನ ಎರಡು ಮಗ್ಗುಲಿಗೆ ಎರಡು ಅಚ್ಚು. ಹಾಡಿನ ಅಚ್ಚನ್ನು ಕೂರಿಸಿದವರು ಒಂದು ಮಿಲಿಮೀಟರಿನಷ್ಟು ಸರಿಸಿ ಕೂರಿಸಿದ್ದರು. ನಡುವಿನ ತೂತು ಒಂದು ಮಗ್ಗುಲಿಗೆ ನಟ್ಟನಡುವೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ತಟ್ಟೆ ಓರೆಯಾಗಿ ಸುತ್ತಿದಂತೆಲ್ಲ ಸ್ವರ ಏರಿ ಇಳಿಯುತ್ತಿತ್ತು. ಅಷ್ಟೇ.

ಗುಬ್ಬಿಗೆ ಕುಣಿಯಬೇಕೆನಿಸಿತು, ಮರುಕ್ಷಣ ಇನ್ನೊಂದು ಅನುಮಾನ ಬಂತು. ತಟ್ಟೆಯ ಅಲುಗಾಟ ತೆಗೆದ ಮೇಲೆ ಅಡಿಯಲ್ಲಿ ಅತ್ತೆಯದೇ ಇನ್ನೊಂದು ಅಲುಗಾಟ ಇದ್ದರೆ? ನಲವತ್ತು ವರ್ಷದ ಗಾಯ ಕೆದಕಿ, ಇಲ್ಲ ಅತ್ತೆ, ಅವರು ನಕ್ಕಿದ್ದು ಸರಿಯೇ ಎಂದು ಹೇಳುವುದೇ? ಜೊತೆಗೆ ಸರಿಮಾಡಬೇಕೆಂದರೆ ತೂತನ್ನು ಅರದಿಂದ ತೀಡಿ ಅಗಲಿಸಬೇಕು. ಮುಕ್ಕಾಗದೆ ಉಳಿದದ್ದು ಇದೊಂದೇ ತಟ್ಟೆ.

ಎರಡು ಸಲ ಕೈತೊಳೆದು, ಗೆರೆಗಳ ಮೇಲೆ ಕಾಗದ ಮುಚ್ಚಿ, ಉಸಿರು ಬಿಗಿಹಿಡಿದು ತೀಡಿದಳು. ಧೂಳು ಒರೆಸಿ ತಟ್ಟೆಯನ್ನು ಕೂರಿಸಿದಳು. ಉಗುರಿನಿಂದ ಕೂದಲೆಳೆಯಷ್ಟು ನೂಕುವುದು, ತೋಳು ನೋಡುವುದು, ಮತ್ತೆ ನೂಕುವುದು. ಹದಿನಾರನೆಯ ಸಲಕ್ಕೆ ತೋಳು ತೂಗುವುದನ್ನು ನಿಲ್ಲಿಸಿತು.

ಗುರುವಾರ ಮಧ್ಯಾಹ್ನ ಅವಳು ಲ್ಯಾಪ್‌ಟಾಪು, ಸ್ಪೀಕರು ಹೊತ್ತು ಅಂಗಡಿಗೆ ಬಂದಳು. ಅಪ್ಪ ಅದೇ ಕುರ್ಚಿಯಲ್ಲಿದ್ದ.

"ಅತ್ತೆ, ಹಾಡಿರೋ ಮಗ್ಗುಲು ಮುಟ್ಟಿದೀನಿ. ಬೈಯೋದಿದ್ರೆ ಕೇಳಿದ ಮೇಲೆ ಬೈಯಿ."

"ಗುಬ್ಬೀ! ನಿನಗೆ ಬಾಯಿಬಿಟ್ಟು ಹೇಳಿರಲಿಲ್ವಾ?" ಅತ್ತೆಯ ಮುಖ ಬಿಗಿಯಿತು.

"ನೀನು ಬಾಯಿ ತೆಗೆಯೋಕೆ ಮುಂಚಿನದು ಕೇಳು ಸಾಕು. ಬರೀ ಕೀಬೋರ್ಡು." ಗುಬ್ಬಿ ತೂತು ತೀಡುವ ಮುಂಚೆ ಇಳಿಸಿಕೊಂಡಿದ್ದನ್ನು ಹಾಕಿದಳು. "ಇದು ನಡುಗ್ತಿದೆಯಲ್ಲ, ಇದನ್ನೂ ನೀನೇ ನಡುಗಿಸಿದ್ಯಾ?"

ಅತ್ತೆ ಯಂತ್ರದ ಮೇಲಿಂದ ಕೈ ತೆಗೆದಳು. ಗುಬ್ಬಿ ತೂತಿನ ಕಥೆ ಹೇಳಿದಳು. ಮೇಜಿನ ಮೇಲಿದ್ದ ದೊಡ್ಡ ಗುಂಡಿಯೊಂದರ ಅಂಚಿನ ತೂತಿಗೆ ಸೂಜಿ ಸಿಕ್ಕಿಸಿ ತಿರುಗಿಸಿ ತೋರಿಸಿದಳು. ಹೊಲಿಗೆಯವಳಿಗೆ ಅಷ್ಟು ಸಾಕಾಯಿತು. "ಹಾಕು," ಎಂದಳು ಅತ್ತೆ.

ಕೀಬೋರ್ಡು ನೇರವಾಗಿ ಬಂತು. ಅದರ ಮೇಲೆ ಹತ್ತೊಂಬತ್ತರ ಹುಡುಗಿಯೊಬ್ಬಳು ಒಂದನೇ ಮಹಡಿಗೆ ಕಾಲಿಟ್ಟಳು. ತೆಳ್ಳನೆಯ, ತುಂಟ, ನಿಚ್ಚಳ ದನಿ. ಎರಡು, ಮೂರು, ನಾಲ್ಕು. ಅಪ್ಪನ ಪೇಪರು ಮೆಲ್ಲಗೆ ತೊಡೆಯ ಮೇಲೆ ಇಳಿಯಿತು. ಗುಬ್ಬಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಮುಂದೆ ಬರುವುದು ಅವಳಿಗೆ ಗೊತ್ತಿತ್ತು. ಐದನೇ ಮಹಡಿಯಲ್ಲಿ ಒಂದೇ ಒಂದು ಸ್ವರ, ನಿಜವಾಗಿಯೂ ಕೆಳಗೆ ಜಾರಿತು.

"ಅದೊಂದು..." ಗುಬ್ಬಿ ತಡವರಿಸಿದಳು. "ಅದು ತೂತಿಂದಲ್ಲ ಅತ್ತೆ. ಬೇಕಿದ್ರೆ ಕಂಪ್ಯೂಟರಲ್ಲಿ ಎರಡು ನಿಮಿಷಕ್ಕೆ ಎತ್ತಿಬಿಡಬಹುದು, ಯಾರಿಗೂ..."

"ಎತ್ತಿದ್ರೆ ಕೈ ಮುರೀತೀನಿ!" ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಅಳುತ್ತಿದ್ದಳೋ ನಗುತ್ತಿದ್ದಳೋ. "ಅದು ನಂದೇ. ಡ್ರಮ್ಮಿನವನು ಗಾಜಿನಾಚೆಯಿಂದ ಕಣ್ಣು ಹೊಡೆದ. ನಗು ತಡೆಯೋಕೆ ಆಗಲಿಲ್ಲ."

"ಯಾವನವನು?" ಅಪ್ಪ ಎದ್ದು ನಿಂತ.

"ಕೂತ್ಕೋ ಅಣ್ಣ. ಅವನಿಗೀಗ ಎಪ್ಪತ್ತಾಗಿರುತ್ತೆ."

"ಎಪ್ಪತ್ತಾದ್ರೇನು? ನನ್ನ ತಂಗಿಗೆ... ಅಷ್ಟು ಚೆನ್ನಾಗಿ ಹಾಡೋಳಿಗೆ..."

"ಓಹೋ! ಚೆನ್ನಾಗಿ ಹಾಡ್ತೀನಿ ಅಂತ ಯಾವಾಗ ಹೇಳಿದ್ದೆ?"

ಅಪ್ಪ ಪೇಪರನ್ನು ನಾಲ್ಕು ಮಡಿಕೆ ಮಾಡಿದ, ಮತ್ತೆ ಬಿಡಿಸಿದ. "ಈಗ ಹೇಳ್ತಿದೀನಲ್ಲ," ಎಂದ ತಗ್ಗಿದ ದನಿಯಲ್ಲಿ. "ಅವತ್ತು ಹಾಗೆ ಅನ್ನಬಾರದಿತ್ತು ಕಣೇ."

ಅತ್ತೆ ಗುಬ್ಬಿಯ ಚೀಲದಿಂದ ಕಂಪನಿಯ ಕಾಗದವನ್ನು ತಾನೇ ಎಳೆದು, ಕತ್ತರಿಸಿಟ್ಟ ಬಟ್ಟೆಗಳನ್ನು ಅತ್ತ ಸರಿಸಿ, ‘ಎರಡೂ ಮಗ್ಗುಲು’ ಎಂದು ದಪ್ಪಗೆ ಬರೆದಳು. ಸಹಿ ಹಾಕಿದಳು. ಯೋಚಿಸಿ, ಅದರ ಕೆಳಗೆ ‘ಹಾಡಿರುವುದು ಮೊದಲು ಬರಬೇಕು’ ಎಂದು ಸೇರಿಸಿದಳು.

"ಸರಿಯಾಗಿದೆಯಾ ಒಂದ್ಸಲ ಓದಿ ನೋಡು, ಅತ್ತೆ. ಆಮೇಲೆ ಬದಲಾಯಿಸೋಕಾಗಲ್ಲ."

"ಓದೋದೇನು ಬಂತು ಗುಬ್ಬೀ, ಮೊದಲಿಂದ ಹಾಕು."

ಗುಬ್ಬಿ ಹಾಕಿದಳು. ಈ ಸಲ ಒಂದನೇ ಮಹಡಿಗೆ ಇಬ್ಬರು ಹತ್ತಿದರು. ಅತ್ತೆಯ ಈಗಿನ ದನಿ ದಪ್ಪವಾಗಿತ್ತು, ಬಳಕೆ ತಪ್ಪಿ ಒರಟಾಗಿತ್ತು, ಆದರೆ ಸ್ವರ ಬಿಡಲಿಲ್ಲ. ಅಳತೆಪಟ್ಟಿಯನ್ನು ಕೊರಳಲ್ಲಿ ತೂಗಾಡಿಸುತ್ತಾ ಅವಳು ಮೇಜಿನ ಸುತ್ತ ಹೆಜ್ಜೆ ಹಾಕಿದಳು. ನಾಲ್ಕನೇ ಮಹಡಿಗೆ ಏದುಸಿರು ಬಂತು, ಧೊಪ್ಪೆಂದು ಕೂತಳು.

"ಲಿಫ್ಟ್ ಕೆಟ್ಟಿದೆ," ಎಂದಳು ಎದೆ ನೀವಿಕೊಳ್ಳುತ್ತಾ. "ನೀವು ನಡೀರಿ, ನಾನು ಏಳರಲ್ಲಿ ಸಿಗ್ತೀನಿ."

ಐದನೆಯದಕ್ಕೆ ಎದ್ದು ನಿಂತವನು ಅಪ್ಪ. ಅವನಿಗೆ ಹಾಡು ಪೂರ್ತಿ ಬಾಯಿಪಾಠವಿತ್ತು.